ಅಳಿವೆಯ ಬಂಡೆಯ ಮೇಲೆ ನೂಲಿನ ಚೌಕ

"ನಿಮ್ಮ ಮುಖ ನೋಡಾಕೂ ಮನಸಿಲ್ಲ ನನಗ. ಹೋಗ್ರಿ!"

ಬೆಟಗೇರಿಯ ಮನೆಯ ಬಾಗಿಲಲ್ಲೇ ಅಂಕಿತಾ ತಡೆದಳು. ಹೊಂಬಳದ ಮೌನೇಶ ಹೊಸ್ತಿಲು ದಾಟಲಿಲ್ಲ. ಅವಳ ತಾಯಿ ಚಂದ್ರವ್ವ ಮಾತ್ರ ಮಗಳ ಸಿಟ್ಟಿಗೆ ಕಿವಿಗೊಡದೆ, ಬಿಸಿಲಲ್ಲಿ ನಿಂತವನ ಕೈಗೆ ತಂಬಿಗೆ ನೀರು ಕೊಟ್ಟಳು.

ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ ಎರಡು ವರ್ಷ ಇಬ್ಬರೂ ಕೂಡಿ ಸಂಶೋಧನೆ ಮಾಡಿದ್ದರು. ನೀರು ಇಳಿದಾಗ ಬಂಡೆಯ ಮೇಲೆ ಅಳತೆಯ ಚೌಕ ಹಾಸಿ, ಅದರೊಳಗಿನ ಸಿಂಪಿ, ಶಂಖದ ಹುಳುಗಳನ್ನು ಎಣಿಸುವ ಕೆಲಸ. ಕಡಲ ಬಾಯಿಯ ಬಂಡೆಗಳನ್ನು ಅವಳು ನೂಲಿನ ಚೌಕದಿಂದ, ನದಿ ಕಡೆಯವನ್ನು ಅವನು ಕಬ್ಬಿಣದ ಚೌಕದಿಂದ ಎಣಿಸುತ್ತಿದ್ದರು. ಮಳೆಗಾಲದ ಸಿಹಿನೀರು ನುಗ್ಗಿ ಉಪ್ಪು ಇಳಿದಾಗ ಯಾವ ಜೀವಿ ಉಳಿಯುತ್ತದೆ, ಯಾವುದು ಸಾಯುತ್ತದೆ? ಅದೇ ಅವರ ಪ್ರಶ್ನೆ. ಪ್ರೀತಿ ಹುಟ್ಟಿದ್ದೂ ಅಲ್ಲೇ.

ಆದರೆ ಅಚ್ಚಾಗಿ ಬಂದ ವರದಿಯಲ್ಲಿ ಅವನ ಹೆಸರೊಂದೇ!

'ನಂಬಿದವನೇ ನನ್ನನ್ನು ಅಳಿಸಿಬಿಟ್ಟನಲ್ಲ...' ನಾಲ್ಕು ತಿಂಗಳು ಫೋನೆತ್ತದೆ ಅತ್ತಿದ್ದಳು.

"ನನ್ನ ಎಣಿಕಿ ಎಲ್ಲಿ ಹೋತ್ರಿ?" ಈಗ ಕೇಳಿದಳು.

"ತಗದೆ."

"ಯಾಕ?"

"ನಿಮ್ಮಪ್ಪಾರು ಹೊಸೆದು ಕೊಟ್ಟ ನೂಲು ತಿಂಗಳಾ ತಿಂಗಳಾ ಕುಗ್ಗಿತ್ತು. ಚೌಕ ಸಣ್ಣದಾತು, ಎಣಿಕಿ ಕಡಿಮಿ ಬಂತು. ಕಡಲ ಬಾಯಾಗೂ ಜೀವಿ ಸತ್ತಾವ ಅಂತ ನೀ ಬರೆದಿದ್ದಿ. ಅಲ್ಲಿ ಉಪ್ಪು ಅಷ್ಟೇನು ಇಳಿದಿಲ್ಲ. ಸತ್ತದ್ದು ನದಿ ಕಡೀವು ಅಷ್ಟ."

ಅಂಕಿತಾ ಅವನ ಕಡೆಗೆ ಒಂದು ಹೆಜ್ಜೆ ಇಟ್ಟಳು.

"ನನಗ ಹೇಳಲಿಲ್ಲ ಯಾಕ?"

"ವರದಿ ಕಳಸೂ ಹಿಂದಿನ ದಿನ ಗೊತ್ತಾತು. ನಿಮ್ಮಪ್ಪಾರಿಗೆ ನೋವಾಗತೈತಿ ಅಂತ..."

ಒಳಗೆ ಮಗ್ಗದಲ್ಲಿ ಕೂತಿದ್ದ ಅವಳ ತಂದೆ ಪ್ರಲ್ಹಾದ ಗಹಗಹಿಸಿದ. "ಗಂಜಿ ಹಾಕಿದ ನೂಲೋ ತಮ್ಮಾ! ನೀರಾಗ ಅದ್ದಿದ್ರ ಕುಗ್ಗದ ಇರತೈತೇನು? ಕಲ್ಲಿನ ಮ್ಯಾಲೆ ಹಾಸ್ತೀನಿ ಅಂದಳ ಹೊರತು, ನೀರಿನ ಖಬರನ ಹೇಳಲಿಲ್ಲ ಈಕಿ!"

ಅಂಕಿತಾ ನಗಲಿಲ್ಲ. "ತಪ್ಪು ನಂದು, ಖರೆ. ಆದ್ರ ನನ್ನ ತಪ್ಪು ನನಗ ಹೇಳದ, ನೀವೊಬ್ಬರ ಎಲ್ಲಾ ನಿರ್ಧಾರ ಮಾಡಿದ್ರಿ. ಮೋಸ ಅಂದ್ರ ಅದು!"

"ಹೌದು," ಎಂದ ಮೌನೇಶ. "ಅದು ಮೋಸಾನ. ತಪ್ಪಾತು."

ಚೀಲದಿಂದ ಒಂದು ವಹಿ ತೆಗೆದು ಕೊಟ್ಟ. ಮಳೆಗಾಲವೆಲ್ಲ ಅವಳ ಬಂಡೆಗಳ ಮೇಲೆ ಕಬ್ಬಿಣದ ಚೌಕ ಇಟ್ಟು ಮತ್ತೆ ಎಣಿಸಿದ್ದ. ಚಿಪ್ಪಿನ ಅಂಚು ಕೊಯ್ದ ಅವನ ಬೆರಳುಗಳು... ಮೊದಲ ಪುಟದಲ್ಲಿ ಅವಳ ಹೆಸರೇ ಮೊದಲು.

"ನೀ ಬಂದು ಎಣಿಸಿ ನೋಡು. ನೀ ಹೂಂ ಅಂದ್ರ ಅಷ್ಟ ಹೊಸ ವರದಿ ಕಳಸೂದು. ಇನ್ನ ನಿನ್ನ ಕೇಳದ ಏನೂ ಮಾಡೂದಿಲ್ಲ."

"ಹಂಗಾರ ಈಗ ಕೇಳ್ರಿ."

"ಏನ?"

"ಹೊಂಬಳದಿಂದ ಇಷ್ಟು ಬಿಸಲಾಗ ಏನು ಕೇಳಾಕ ಬಂದೀರಿ, ಅದನ್ನ!"

ಅವನು ತಲೆಯೆತ್ತಿ ಅವಳನ್ನೇ ನೋಡಿದ. "ನನ್ನ ಕೂಡ ಬಾಳುವೆ ಮಾಡ್ತಿಯೇನ ಅಂಕಿತಾ?"

ಅವಳು ಬಾಗಿಲಿಂದ ಪಕ್ಕಕ್ಕೆ ಸರಿದಳು.

"ಒಳಗ ಬರ್ರಿ... ಹೇಳ್ತೀನಿ."