ಸೆವೆರೊನ ಮಂಚದ ಮೇಲಿನ ಹೆಂಚು

ನನಗೆ ಅರಳುಮರಳು ಎನ್ನುವವರು ಬಂದು ನಮ್ಮ ಅಂಗಳ ನೋಡಲಿ.

ಸ್ಪೇನಿನ ಅಂತರ್ಯುದ್ಧದ ಕಾಲ. ಬೆಟ್ಟದ ಕೋಟೆಯ ಸೆರೆಮನೆಯಿಂದ ನೂರಾರು ಕೈದಿಗಳು ತಪ್ಪಿಸಿಕೊಂಡು ಫ್ರಾನ್ಸಿನ ಗಡಿಯತ್ತ ಓಡಿದರು. ಅವರಲ್ಲಿ ನಮ್ಮಣ್ಣ ಸೆವೆರೊನೂ ಇದ್ದ. ಸೈನಿಕರು ನಾಯಿಗಳೊಂದಿಗೆ ಕಾಡು ಜಾಲಾಡತೊಡಗಿದರು.

ಸಾಯುವವರ ಜೀವ ಸಲೀಸಾಗಿ ಹೋಗಲೆಂದು ನಮ್ಮ ಕಡೆ ಸೂರಿನ ಒಂದು ಹೆಂಚು ತೆಗೆದಿಡುತ್ತಾರೆ. ಆ ವಾರ ಕಾಡಿನಲ್ಲಿ ಗುಂಡಿನ ಸದ್ದು ಕೇಳಿದಾಗಲೆಲ್ಲ ನಮ್ಮ ಸೂರಿನ ಒಂದು ಹೆಂಚು ಅಂಗಳದ ಹುಲ್ಲಿನ ಮೇಲಿರುತ್ತಿತ್ತು. ಬಿದ್ದದ್ದಲ್ಲ, ಯಾರೋ ಮೆತ್ತಗೆ ಇಟ್ಟ ಹಾಗೆ. ಮಳೆಯಲ್ಲೂ ಒಣಗಿರುತ್ತಿತ್ತು, ಮುಟ್ಟಿದರೆ ಆಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡಿನಷ್ಟು ಬೆಚ್ಚಗೆ.

ಮನೆ ಶೋಧಿಸಲು ಬಂದ ಸಾರ್ಜೆಂಟ್ ನಮ್ಮ ಸೀಮೆಯವನೇ. ತೂತುತೂತಾದ ಸೂರು ನೋಡಿ ಟೋಪಿ ತೆಗೆದ. ಅವನ ನಾಯಿ ಹೊಸ್ತಿಲು ದಾಟಲಿಲ್ಲ.

"ಒಳಗೆ ಎಷ್ಟು ಜನ ಸಾಯ್ತಿದಾರಮ್ಮಾ?"

"ಒಳಗೆ ಯಾರೂ ಇಲ್ಲಪ್ಪ," ಎಂದಳು ಅಮ್ಮ. "ಹೊರಗೆ ನೀವು ಸಾಯಿಸ್ತಿದೀರಲ್ಲ, ಅವರಿಗೆ ಇದೇ ದಾರಿ ಅಂತ ಕಾಣತ್ತೆ."

ಅವನು ಶೋಧಿಸದೆ ಹೊರಟುಹೋದ.

ಅಟ್ಟದಲ್ಲಿ ಸೆವೆರೊ ಮಲಗುತ್ತಿದ್ದ ಮಂಚದ ನೇರಕ್ಕಿದ್ದ ಹೆಂಚು ಮಾತ್ರ ಅಲುಗಲಿಲ್ಲ. "ನನ್ನ ಮಗ ಗಡಿ ದಾಟಿದಾನೆ ಕಣೇ," ಎನ್ನುತ್ತಲೇ ಅಮ್ಮ ವರ್ಷಗಳನ್ನು ಕಳೆದು ತೀರಿಕೊಂಡಳು. ಅವನಿಂದ ಸುದ್ದಿಯೇ ಬರಲಿಲ್ಲ.

ಈಗ ನಾನೂ ಮುದುಕಿ. ಹೋದ ಮಂಗಳವಾರ ಬೆಳಿಗ್ಗೆ ಕೋಳಿಗೆ ಕಾಳು ಹಾಕಲು ಹೋದಾಗ ಹುಲ್ಲಿನ ಮೇಲೆ ಹೆಂಚೊಂದಿತ್ತು. ಕೋಳಿಗಳೆಲ್ಲ ದೂರ ನಿಂತಿದ್ದವು. ಬಗ್ಗಿ ಮುಟ್ಟಿದೆ, ಬೆಚ್ಚಗಿತ್ತು.

ಕಾಳಿನ ಬುಟ್ಟಿ ಅಲ್ಲೇ ಬಿಟ್ಟು ಅಟ್ಟ ಹತ್ತಿದೆ. ಸೆವೆರೊನ ಮಂಚದ ಮೇಲೆ ಅಂಗೈಯಗಲ ಬಿಸಿಲು ಬಿದ್ದಿತ್ತು.