ಉಸಿರಿನ ಜಾಗ

ಇದು ಶಿರಗುಪ್ಪಿಯ ನಮ್ಮ ಮನೆಯಲ್ಲಿ ಮಟಮಟ ಮಧ್ಯಾಹ್ನ ನಡೆದದ್ದು. ಅನಿಮೆ ಎಂಬ ಜಪಾನಿ ಕಾರ್ಟೂನ್ ದೃಶ್ಯಗಳನ್ನು ಹಾಡಿಗೆ ಹೊಂದಿಸಿ ವಿಡಿಯೋ ಮಾಡುವುದನ್ನು ನನಗೆ ಕಲಿಸಿದವಳು ಅಕ್ಕ ತ್ರಿಶಲಾ. ಅವಳು ತೀರಿಕೊಂಡು ವರ್ಷವಾಯಿತು.

“ಬೀಟ್ ಬಿದ್ದಲ್ಲಿ ಕಟ್ ಮಾಡು. ಹಾಡಾವ್ರು ಉಸಿರು ತಗೊಳ್ಳೂ ಜಾಗಕ್ಕ ಮಾತ್ರ ಕೈ ಹಚ್ಚಬ್ಯಾಡ,” ಅನ್ನುತ್ತಿದ್ದಳು.

ಅವಳು ಅರ್ಧಕ್ಕೆ ಬಿಟ್ಟ ವಿಡಿಯೋ ಮುಗಿಸಿಯೇ ಏಳುವುದೆಂದು ಕುಳಿತೆ. ಅದರಲ್ಲಿ ಹಾಡುವವರಿಲ್ಲ, ಬರೀ ಡ್ರಮ್. ಆದರೂ ನಾಲ್ಕು ಕಡೆ ಉಸಿರು ಕೇಳಿಸಿತು. ಒಂದನ್ನು ಕತ್ತರಿಸಿದೆ. ಮೇ ತಿಂಗಳ ಸೆಕೆಯಲ್ಲೂ ಮೌಸ್ ಗಡಿಗೆಯ ನೀರಿನಷ್ಟು ತಣ್ಣಗಾಯಿತು. ಆ ಉಸಿರು ಮುಂದಿನ ದೃಶ್ಯದಲ್ಲಿ ಕೇಳಿಸಿತು. ಮುಗಿಸುವ ಹಟ ಬಿಡದೆ ನಾಲ್ಕನ್ನೂ ಉಳಿಸಿ, ಕಟ್‌ಗಳನ್ನೇ ಸರಿಸಿ ಮುಗಿಸಿದೆ.

ಗೆಳತಿ ಪೂನಮ ನೋಡಿದಳು. “ಚಂದ ಆಗೇತಿ. ಆದ್ರ ಕೊನೀಗೆ ತಗೊಂಡ ಉಸಿರು ಬಿಟ್ಟೇ ಇಲ್ಲಲ್ಲ ಬೇ.”

ಉಸಿರು ಬಿಡಲು ಜಾಗವಾಗಲೆಂದು ಕೊನೆಗೆ ಹತ್ತು ಸೆಕೆಂಡ್ ಕಪ್ಪು ಪರದೆ ಸೇರಿಸಿದೆ. ಆಮೇಲೆ ಒಂದು ನಿಮಿಷ ಸೇರಿಸಿದೆ.

ಇನ್ನೂ ಬಿಟ್ಟಿಲ್ಲ.