ಊಟ ಆಯ್ತಾ ಎಂದು ಕೇಳುವ ಕೋಟೆ

ಬಲು ಹಿಂದೆ ತಂಬಿಟ್ಟಿನಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ರಾಣಿ ಚಂದ್ರಾಜಿಗೆ ಮೂಗಿನ ತುದಿಯಲ್ಲೇ ಜಂಬ. ಮಗಳು ಪದುಮಲೆಗೆ ಇಂಗ್ಲಿಷ್ ಬಂದರೆ ಕಡಲಾಚೆಯ ಸಂಬಂಧ ಸಿಕ್ಕೀತು ಅಂತ ಒಬ್ಬ ಮೇಷ್ಟರನ್ನು ಕರೆಸಿದಳು. ಬಂದವನು ಮಾಂತ್ರಿಕ. ವರ್ಷಗಟ್ಟಲೆ ಅರಮನೆಯ ಅನ್ನ ತಿಂದು, ಕೊನೆಗೆ "ನಿಮ್ಮ ಮಗಳನ್ನೇ ನನಗೆ ಕೊಡಿ" ಅಂದ. ತಲೆ ನರೆತವನಿಗೆ ನಾಚಿಕೆ ಬೇಡವೇ!

ಪದುಮಲೆ ಅವನ ಮುಖಕ್ಕೇ ಎಲೆಯಡಿಕೆ ಉಗಿದಳು. ಅವಳ ಮನಸ್ಸೆಲ್ಲ ಅಡುಗೆಯವಳ ಮಗ ಮಾಯಿಗನ ಮೇಲೆ. ಕಣಜದ ಹಿಂದೆ ಇಬ್ಬರದೂ ದಿನಾ ಗುಸುಗುಸು. ಕೇಳಿದರೆ "ಇಂಗ್ಲಿಷ್ ಹೇಳಿಕೊಡ್ತಿದ್ದೆ" ಅನ್ನೋಳು. ಪಾಠವಂತೆ ಪಾಠ! ಇರಲಿ, ಪಾಠವೂ ಒಂದಿಷ್ಟು ನಡೆದಿತ್ತು.

ಮಾಂತ್ರಿಕ ಸಿಟ್ಟಿನಿಂದ ಅವಳನ್ನು ಬೋಳುಗುಡ್ಡದ ಕೋಟೆಗೆ ಹೊತ್ತೊಯ್ದು ಪಂಜರದಲ್ಲಿಟ್ಟ. ತಂಬಿಟ್ಟಿನಪುರದವರ ಗುಣ ಅವನಿಗೆ ಗೊತ್ತಿತ್ತು. ಹೊಟ್ಟೆ ಚುರುಗುಟ್ಟುತ್ತಿದ್ದರೂ, ಊಟ ಆಯ್ತಾ ಅಂದರೆ ಸಂಕೋಚಕ್ಕೆ "ಆಯ್ತು" ಅನ್ನುವ ಜನ. ಅದಕ್ಕೇ "ಈ ಕೋಟೆಯಲ್ಲಿ ಊಟದ ಮಾತಿಗೆ ಯಾರೇ ಸುಳ್ಳು ಹೇಳಲಿ, ಕಲ್ಲಾಗಲಿ" ಅಂತ ಮಂತ್ರ ಕಟ್ಟಿ, ಬಂದವರನ್ನು ಊಟದ ಮಾತು ಕೇಳಲು ಮೂರು ಬಾಗಿಲಿಗೆ ಮೂರು ಪ್ರಾಣಿ ನಿಲ್ಲಿಸಿದ.

ಪದುಮಲೆಯನ್ನು ಬಿಡಿಸಲು ರಾಜಕುಮಾರರು ಸಾಲುಸಾಲಾಗಿ ಹೋದರು. ಗುಡ್ಡ ಹತ್ತಿ ಹಸಿದಿದ್ದರೂ "ಆಗಿದೆ" ಅಂದರು, ಕಲ್ಲಾದರು.

ಕೊನೆಗೆ ಮಾಯಿಗ ಹೊರಟ. ಮೊದಲ ಬಾಗಿಲಲ್ಲಿ ಹುಲಿ ಗುಡುಗಿತು: "ಹ್ಯಾವ್ ಯು ಈಟನ್?"

ಉಂಡಾಗಿದೆಯಾ, ಈಗ ಹೊಟ್ಟೆ ತುಂಬಿದೆಯಾ ಅಂತ ಹುಲಿ ಕೇಳುತ್ತಿದೆ ಎಂದು ಪದುಮಲೆಯ ಪಾಠದಿಂದ ಮಾಯಿಗನಿಗೆ ತಿಳಿಯಿತು.

"ಎಲ್ಲಿ ಬಂತು ಮಾರಾಯ! ಉಂಡಿಲ್ಲ. ಏನಾದ್ರೂ ಇದ್ರೆ ಹಾಕು."

ಹುಲಿ ನಕ್ಕು, ಬುತ್ತಿಯನ್ನ ಕೊಟ್ಟು, ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಹೆಬ್ಬಾವು. "ಹ್ಯಾಡ್ ಯು ಈಟನ್, ಹುಲಿಯ ಹತ್ತಿರ ಬರುವ ಮೊದಲು?"

ಮಾಯಿಗ ತೇಗಿದ. ಹೊಟ್ಟೆ ಈಗ ತುಂಬಿದೆ, ಆದರೆ ಇದು ಕೇಳುವುದು ಹುಲಿಯ ಹತ್ತಿರ ಬರುವುದಕ್ಕೂ ಹಿಂದಿನ ಮಾತು. "ಉಂಡಿರಲಿಲ್ಲ ಕಣಪ್ಪ. ಹುಲಿಯ ಮುಂದೆ ನಿಂತಾಗ ಖಾಲಿ ಹೊಟ್ಟೆ. ಉಂಡದ್ದು ಆಮೇಲೆ." ಹೆಬ್ಬಾವು ಸುರುಳಿ ಬಿಚ್ಚಿ ಸರಿಯಿತು.

ಮೂರನೆಯ ಬಾಗಿಲಲ್ಲಿ ಎರಡು ತಲೆಯ ಹಕ್ಕಿ. "ವಿಲ್ ಯು ಹ್ಯಾವ್ ಈಟನ್? ಹೊತ್ತು ಮುಳುಗುವಷ್ಟರಲ್ಲಿ ಪದುಮಲೆಯ ಕೈತುತ್ತು ಉಂಡಿರ್ತೀಯಾ?"

ಇಲ್ಲವೆಂದರೆ ಬಾಗಿಲು ತೆರೆಯದು. ಹೌದೆಂದು ಆಮೇಲೆ ಉಣ್ಣದಿದ್ದರೆ ಸುಳ್ಳಾಗಿ ಕಲ್ಲಾಗಬೇಕು. ಮಾಯಿಗ ಕದಕ್ಕೆ ಕೈಯಿಟ್ಟ. "ಉಂಡಿರ್ತೀನಿ!"

ಬಾಗಿಲು ತೆರೆಯಿತು. ಒಳಗೆ ಪಂಜರದಲ್ಲಿ ಪದುಮಲೆ. ಎದುರಿಗೆ ಮಾಂತ್ರಿಕ ಒಲೆಯ ಮೇಲೆ ಅನ್ನಕ್ಕಿಟ್ಟು ಕೂತಿದ್ದ. "ಬಾರೋ ಅಳಿಯ ದೇವ್ರೇ! ಪಂಜರ ನಾನು ತೆಗೆಯೋಲ್ಲ. ಹೊತ್ತು ಇಳೀತಿದೆ, ನೋಡ್ತಾ ಕೂತಿರ್ತೀನಿ."

ಕಿಟಕಿಯ ಬಿಸಿಲು ಕೆಂಪಾಯಿತು. ಮಾತು ಸುಳ್ಳಾಗುವ ಹೊತ್ತು ಹತ್ತಿರ ಬಂದಂತೆ ಮಾಯಿಗನ ಪಾದ ಕಲ್ಲಾಯಿತು, ಮೊಣಕಾಲು ಕಲ್ಲಾಯಿತು. ಪದುಮಲೆ ಕಣ್ಣೊರೆಸಿಕೊಂಡು, ಬೆಲ್ಲದಂಥ ದನಿ ತೆಗೆದಳು.

"ಮೇಷ್ಟ್ರೇ, ಬೆಳಗಿನಿಂದ ನನ್ನನ್ನೇ ಕಾಯ್ತಾ ಇದೀರಿ. ನಿಮ್ಮದು ಊಟ ಆಯ್ತಾ?"

"ಆಯ್ತಮ್ಮಾ, ಆಯ್ತು," ಅಂದುಬಿಟ್ಟ, ಹಸಿದ ಹೊಟ್ಟೆಯಲ್ಲೇ! ಅಷ್ಟು ವರ್ಷ ನಮ್ಮವರ ನಡುವೆ ಬಿದ್ದಿದ್ದವನಲ್ಲವೇ, ಆ ಸಂಕೋಚದ ಅಂಟುರೋಗ ಅಂಟಿತ್ತು. ಹೇಳಿದ್ದು ಅರಿವಾಗಿ ಬಾಯಿ ಮುಚ್ಚಿಕೊಳ್ಳಲು ಕೈ ಎತ್ತಿದ. ಎತ್ತಿದ ಕೈ ಎತ್ತಿದ ಹಾಗೇ ಕಲ್ಲು.

ಕಟ್ಟಿದವನು ಕಲ್ಲಾದರೂ ಮಂತ್ರ ಬಿಡಲಿಲ್ಲ; ಪಂಜರ ಮಾತ್ರ ಕಳಚಿ ಬಿತ್ತು. ಪದುಮಲೆ ಮಡಕೆಗೆ ಸೌಟು ಹಾಕಿದಳು.

"ಇನ್ನೂ ಬೆಂದಿಲ್ಲ ಕಣೋ!"

"ಕಲ್ಲು ಸೊಂಟಕ್ಕೆ ಬಂತು ಕಣೇ, ಹಾಕು!"

ಕುದಿಯುವ ಅರೆಬೆಂದ ಅನ್ನ, ಉಪ್ಪಿಲ್ಲ, ಮಜ್ಜಿಗೆಯಿಲ್ಲ. ಊದಿ ಊದಿ ತುತ್ತಿಟ್ಟಳು. ಮಾಯಿಗ ನಾಲಿಗೆ ಸುಟ್ಟುಕೊಂಡು ನುಂಗಿದ. ಹೊತ್ತು ಮುಳುಗಿತು. ಇಬ್ಬರೂ ಅವನ ಕಾಲನ್ನೇ ನೋಡಿದರು. ಹೆಬ್ಬೆರಳು ಅಲುಗಿತು. ಪದುಮಲೆ ಅಲ್ಲೇ ಕುಸಿದು ಕೂತು, ಅಳುತ್ತಾ ನಕ್ಕಳು.

ಮೂರೂ ಮಾತು ನಿಜವಾದದ್ದಕ್ಕೆ ಮಂತ್ರ ಮುರಿದು, ಅದನ್ನು ಕಟ್ಟಿದ ಮಾಂತ್ರಿಕನೊಬ್ಬನನ್ನು ಬಿಟ್ಟು, ಕಲ್ಲಾದ ರಾಜಕುಮಾರರೂ ಮೈ ಕೊಡವಿ ಎದ್ದು ತಮ್ಮ ತಾಯಂದಿರ ಹತ್ತಿರ ಓಡಿದರು. ರಾಣಿ ಮೊದಲು ಮೂಗು ಮುರಿದಳು, ಆಮೇಲೆ ಮಗಳ ಸೊರಗಿದ ಮುಖ ನೋಡಿ ಅಡುಗೆಯವಳನ್ನೇ ಬೀಗಿತ್ತಿ ಅಂತ ತಬ್ಬಿಕೊಂಡಳು. ಮದುವೆ ಜೋರಾಗಿಯೇ ಆಯಿತು. ಹೆಣ್ಣು ಗಂಡು ತಣ್ಣಗೆ ಬಾಳಿದರು, ರಾಜ್ಯವೂ ಎದೆ ಹಗುರ ಮಾಡಿಕೊಂಡು ತಣ್ಣಗಿತ್ತು.